ಈಸ್ಟರ್ ದಾಟದ ವೈನು

“ಇದನ್ನ ಕುಡಿಯೋ ಬದಲು ಟ್ರ್ಯಾಕ್ಟರ್ ಬ್ಯಾಟರಿಗೆ ಹುಯ್ದಿದ್ರೆ ಇಂಜಿನ್ನಾದ್ರೂ ಸ್ಟಾರ್ಟ್ ಆಗ್ತಿತ್ತು” ಎಂದು ಒಮೇರ್ ಲಾಫ್ಲಾಮ್ ಬಾಯಲ್ಲಿದ್ದ ವೈನನ್ನು ತಗಡಿನ ಬಕೆಟ್ಟಿಗೆ ಉಗಿದು ಮೀಸೆ ಒರೆಸಿಕೊಂಡ. “ಟಯರಿಗೆ ಗಾಳಿ ತುಂಬೋ ಕೈ ನೋಡಿ. ವೈನಿಗೂ ಅಷ್ಟೇ ಪ್ರೆಶರ್ ಬೇಕು ಅಂದ್ಕೊಂಡಿದೆ.”

ಚರ್ಚಿನ ನೆಲಮಾಳಿಗೆಯ ಮಡಚು ಕುರ್ಚಿಗಳಲ್ಲಿ ಕೂತಿದ್ದ ಇಪ್ಪತ್ತೈದು ಜನ ನಕ್ಕರು. ಮೊದಲು ನಕ್ಕವನು ರೋಸೇರ್. ಟ್ರ್ಯಾಕ್ಟರ್ ಬಿಡಿಭಾಗ ಮಾರುವ ಈ ರೋಸೇರ್‌ಗೆ ಲಾಫ್ಲಾಮ್ ಬಾಯಿ ತೆರೆದರೆ ಸಾಕು, ಮಾತು ಮುಗಿಯುವ ಮುಂಚೆಯೇ ತೊಡೆ ತಟ್ಟಿಕೊಂಡು ನಗು ಬರುತ್ತದೆ. ಲಾಫ್ಲಾಮ್ ತನ್ನ ಹೆಂಡತಿ ತೀರಿಕೊಂಡ ಸುದ್ದಿ ಹೇಳಲು ಬಂದಾಗಲೂ ಅವನು ಅರ್ಧ ನಕ್ಕು, ಉಳಿದರ್ಧವನ್ನು ಕೆಮ್ಮಾಗಿ ತಿರುಗಿಸಿಕೊಂಡಿದ್ದನೆಂದು ಊರಲ್ಲಿ ಮಾತಿತ್ತು. ರೋಸೇರ್ ನಕ್ಕ ಮೇಲೆ ಉಳಿದವರೂ ನಕ್ಕರು. ಯಾರು ಯಾರ ಹಿಂದೆ ನಗಬೇಕು ಎಂಬುದೂ ಆ ಸಂಘದಲ್ಲಿ ಮೊದಲೇ ತೀರ್ಮಾನವಾಗಿದ್ದ ಹಾಗಿತ್ತು.

ಯಾನಿಕ್ ಮೇಜಿನ ತುದಿಯಲ್ಲಿ ತನ್ನ ವೈನಿನ ಹೂಜಿ ಹಿಡಿದುಕೊಂಡು ನಿಂತೇ ಇದ್ದ. ಇಪ್ಪತ್ಮೂರು ವರ್ಷ. ಹೆದ್ದಾರಿ ಪಕ್ಕದ ಟಯರ್ ಅಂಗಡಿಯಲ್ಲಿ ಕೆಲಸ, ಅದೇ ಅಂಗಡಿಯ ಮೇಲಿನ ಕೋಣೆಯಲ್ಲಿ ವಾಸ. ಹದಿನೈದಕ್ಕೇ ಶಾಲೆ ಬಿಟ್ಟಿದ್ದ. ಶಾಲೆಯೂ ಅವನಿಗಾಗಿ ಕಣ್ಣೀರು ಹಾಕಿರಲಿಲ್ಲ. ಸೇಂತ್-ಅಲ್ಬೆರ್ತಿನ್ ಊರಿನ ಈ ಮನೆವೈನ್ ಸಂಘಕ್ಕೆ ಸೇರಿ ಆರು ತಿಂಗಳಾಗಿತ್ತು. ಅಲ್ಲಿದ್ದವರಲ್ಲಿ ಅವನ ನಂತರದ ಕಿರಿಯನಿಗೆ ಐವತ್ತೆಂಟು.

ಅದು ಮಾರ್ಚಿನ ರುಚಿ ನೋಡುವ ಶನಿವಾರ. ಪ್ರತಿಯೊಬ್ಬ ಸದಸ್ಯನೂ ತನ್ನ ವೈನನ್ನು ಹೂಜಿಯಲ್ಲಿ ತರಬೇಕು, ಅಧ್ಯಕ್ಷ ಲಾಫ್ಲಾಮ್ ಎಲ್ಲರೆದುರಿಗೆ ಹುಳಿ ಅಳೆಯಬೇಕು, ಸಂಖ್ಯೆಯನ್ನು ಕಪ್ಪುಹಲಗೆಯ ಮೇಲೆ ಬರೆಯಬೇಕು, ಆಮೇಲೆ ಎಲ್ಲರೂ ಹಂದಿಮಾಂಸದ ಕ್ರೆತೋನ್ ಸವರಿದ ಬ್ರೆಡ್ಡು ತಿನ್ನುತ್ತ ಒಬ್ಬರ ವೈನನ್ನು ಒಬ್ಬರು ಹೊಗಳಬೇಕು. ಲಾಫ್ಲಾಮ್ ನಲವತ್ತು ವರ್ಷ ಊರಿನ ಔಷಧದಂಗಡಿ ನಡೆಸಿದವನು. ಅಂಗಡಿ ಮಾರಿ ನಿವೃತ್ತನಾದ ವರ್ಷ ಸಂಘ ಕಟ್ಟಿದ. ಅಂದಿನಿಂದ ಹತ್ತು ವರ್ಷ ಅವನೇ ಅಧ್ಯಕ್ಷ, ಅವನೇ ಅಳತೆಗಾರ, ಅವನೇ ತೀರ್ಪುಗಾರ. ಅಂಗಡಿಯ ಹಿತ್ತಾಳೆ ತಕ್ಕಡಿ, ಗಾಜಿನ ಬ್ಯೂರೆಟ್ಟು, ಬಿಳಿ ಪಿಂಗಾಣಿ ಬಟ್ಟಲು, ದ್ರಾಕ್ಷಿಹುಳಿ ಪುಡಿಯ ಡಬ್ಬಿ, ಐದು ಲೀಟರಿನ ಕಂದು ಬಾಟಲು, ಇವೆಲ್ಲ ಅವನ ಮೇಜಿನ ಮೇಲೆ ಪೂಜಾಸಾಮಗ್ರಿಯಂತೆ ಸಾಲಾಗಿ ಕೂತಿದ್ದವು.

ಆ ಕಂದು ಬಾಟಲಿನಲ್ಲಿದ್ದದ್ದು ಕಾಸ್ಟಿಕ್ ಸೋಡಾ ಕರಗಿಸಿದ ನೀರು. ಸಂಘ ಹುಟ್ಟಿದ ದಿನ ಲಾಫ್ಲಾಮ್ ತಾನೇ ತೂಗಿ ಕರಗಿಸಿದ್ದು. ಪ್ರತಿ ಸಲ ಮುಚ್ಚಳ ತೆಗೆಯುವಾಗಲೂ “ನನ್ನ ಕೈಯಾರೆ ಮಾಡಿದ್ದು, ಇನ್ನೂ ಅರ್ಧ ಹಾಗೇ ಇದೆ” ಎನ್ನುತ್ತಿದ್ದ. ಅರ್ಧ ಉಳಿದದ್ದು ನಿಜ. ಜಿಪುಣನ ಮನೆಯಲ್ಲಿ ಏನು ತಾನೇ ಮುಗಿಯುತ್ತದೆ. ಅದರ ರಬ್ಬರ್ ಬಿರಡೆ ಮಾತ್ರ ಚಳಿಗಾಲದ ಹಿಮ್ಮಡಿಯಂತೆ ಸೀಳು ಬಿಟ್ಟಿತ್ತು.

ಅಳೆಯುವ ಕ್ರಮ ಸುಲಭ. ಹತ್ತು ಮಿಲಿ ವೈನಿಗೆ ಒಂದಿಷ್ಟು ನೀರು ಬೆರೆಸಿ, ಹುಳಿ ಮುಗಿದಾಗ ಬಣ್ಣ ತೋರಿಸುವ ದ್ರವದ ಎರಡು ಹನಿ ಬಿಟ್ಟು, ಮೇಲಿನಿಂದ ಸೋಡಾ ನೀರನ್ನು ತೊಟ್ಟು ತೊಟ್ಟಾಗಿ ಇಳಿಸುವುದು. ಕೆಂಪು ವೈನು ಮೊದಲು ಪಾತ್ರೆ ತೊಳೆದ ನೀರಿನಂತೆ ಬೂದುಹಸಿರಾಗುತ್ತದೆ, ಆಮೇಲೆ ಒಂದು ತೊಟ್ಟಿಗೆ ಗುಲಾಬಿಯಾಗಿ ಹಾಗೇ ನಿಲ್ಲುತ್ತದೆ. ನಿಂತಾಗ ಎಷ್ಟು ಮಿಲಿ ಸೋಡಾ ಇಳಿದಿದೆಯೋ ಅದರ ಮುಕ್ಕಾಲು ಪಾಲು, ಲೀಟರಿಗೆ ಅಷ್ಟು ಗ್ರಾಂ ಹುಳಿ. ಸಂಘಕ್ಕೆ ಬೇಕಾದದ್ದು ಆರೂವರೆ. ಹೆಚ್ಚಿದ್ದರೆ ತಿನ್ನಲು ಬರುವ ಸುಣ್ಣದ ಪುಡಿ ಹಾಕಿ ಇಳಿಸುವುದು. ಸದಸ್ಯರೆಲ್ಲ ಅಕ್ಟೋಬರಿನಲ್ಲೇ ಹೊಟ್ಟೆ ತುಂಬ ಸುಣ್ಣ ಹಾಕಿ ಇಳಿಸಿದ್ದರು. ಹಲಗೆಯ ಮೇಲೆ ಆರೂವರೆ, ಆರು ಪಾಯಿಂಟ್ ನಾಲ್ಕು, ಆರೂವರೆ, ಆರು ಪಾಯಿಂಟ್ ಆರು ಎಂದು ಶಾಲೆಯ ಹಾಜರಿಯಂತೆ ಸಾಲು ಬೆಳೆದಿತ್ತು.

ಯಾನಿಕ್‌ನ ವೈನಿಗೆ ಹದಿಮೂರು ಪಾಯಿಂಟ್ ಆರು ಮಿಲಿ ಇಳಿಯಿತು. ಲಾಫ್ಲಾಮ್ ಹಲಗೆಯ ಮೇಲೆ ‘10.2’ ಎಂದು ದೊಡ್ಡದಾಗಿ ಬರೆದು ಕೆಳಗೆ ಎರಡು ಗೆರೆ ಎಳೆದ.

“ಹನ್ನೊಂದನೇ ನಿಯಮ ಎಲ್ರಿಗೂ ಗೊತ್ತು” ಎಂದ. “ಎಂಟರ ಮೇಲೆ ಹುಳಿ ಇದ್ದ ವೈನು ಸಂಘದ ತಣ್ಣನೆ ಕೋಣೆಯಲ್ಲಿ ಇರೋ ಹಾಗಿಲ್ಲ. ಪಕ್ಕದ ಜಾಡಿಗಳನ್ನೂ ಕೆಡಿಸುತ್ತೆ.”

“ಮುಚ್ಚಿದ ಜಾಡಿಯ ಹುಳಿ ಪಕ್ಕದ ಮುಚ್ಚಿದ ಜಾಡಿಗೆ ಹ್ಯಾಗೆ ಹೋಗುತ್ತೆ ಮೊಸ್ಯೂ ಲಾಫ್ಲಾಮ್? ನೆಗಡಿ ಥರ?” ಎಂದ ಯಾನಿಕ್.

ಹಿಂದಿನ ಸಾಲಿನಿಂದ ಒಂದು ನಗು ಎದ್ದು, ತಾನೊಂದೇ ಎಂದು ತಿಳಿದು ಕೂತಿತು. ಅದು ಜರ್ಮೇನ್‌ಳದ್ದು. ಶಾಲೆಯ ಬಸ್ಸು ಓಡಿಸುವ, ಮನೆಯ ಹಿಂದೆ ಜೇನು ಸಾಕುವ ಅರವತ್ತರ ಹೆಂಗಸು. ಯಾನಿಕ್‌ನನ್ನು ಸಂಘಕ್ಕೆ ಸೇರಿಸಿದವಳೂ ಅವಳೇ.

“ಸಂಜೆ ಐದರೊಳಗೆ ನಿನ್ನ ಎಂಟೂ ಜಾಡಿಗೆ ಸುಣ್ಣ ಬೀಳಬೇಕು” ಎಂದ ಲಾಫ್ಲಾಮ್. “ಜಾಡಿಗೆ ಐವತ್ತೇಳು ಗ್ರಾಂ. ನಾನೇ ತೂಗಿ ಕೊಡ್ತೀನಿ, ನಿಂಗೆ ಲೆಕ್ಕದ ತಲೆನೋವು ಬೇಡ. ಇಲ್ಲಾ ಅಂದ್ರೆ ಜಾಡಿಗಳು ಆಚೆಗೆ. ಸದಸ್ಯತ್ವಾನೂ ಅವುಗಳ ಜೊತೆಗೇ.”

ಎಂಟು ಜಾಡಿ. ಒಂದೊಂದರಲ್ಲಿ ಇಪ್ಪತ್ಮೂರು ಲೀಟರು. ಯಾನಿಕ್‌ಗೆ ಅದು ಬರೀ ವೈನಲ್ಲ, ಮೂರು ಚಳಿಗಾಲ. ವಿಧವೆ ಸಿರ್ವಾಳ ದನದಕೊಟ್ಟಿಗೆಯ ಹಿಂದಿನ ಇಳಿಜಾರನ್ನು ಗೇಣಿಗೆ ಹಿಡಿದು ಹನ್ನೊಂದು ಸಾಲು ಫೋಶ್ ಜಾತಿಯ ದ್ರಾಕ್ಷಿ ನೆಟ್ಟಿದ್ದ. ಮೊದಲ ವರ್ಷ ಜಿಂಕೆಗಳು ಚಿಗುರು ತಿಂದವು. ಎರಡನೇ ವರ್ಷ ಮೇ ತಿಂಗಳ ಹಿಮ ಸುಟ್ಟಿತು. ಮೂರನೇ ವರ್ಷ ಬಲೆ ಹೊದೆಸಿ, ರಜೆಯ ದಿನಗಳನ್ನೆಲ್ಲ ಅಲ್ಲೇ ಕಳೆದು, ಬೆರಳು ಕಪ್ಪಾಗುವವರೆಗೆ ಬಿಡಿಸಿದ್ದ. ಇದೇ ಮೊದಲ ಫಸಲು. ಅವನ ಕೋಣೆಯ ಕೆಳಗೇ ಟಯರ್ ಅಂಗಡಿಯ ಬಾಯ್ಲರು. ಜನವರಿಯಲ್ಲೂ ಅಲ್ಲಿ ಬನಿಯನ್ನಿನಲ್ಲಿ ಮಲಗಬೇಕು. ಆ ಸೆಖೆಯಲ್ಲಿ ವೈನು ಒಂದು ತಿಂಗಳೂ ನಿಲ್ಲುವುದಿಲ್ಲ. ಅದಕ್ಕೇ ಸಂಘ, ಅದಕ್ಕೇ ಚರ್ಚಿನ ಕೆಳಗಿನ ತಣ್ಣನೆ ಕೋಣೆ, ಅದಕ್ಕೇ ಈ ಮೀಸೆಯ ಮುಂದೆ ಹೂಜಿ ಹಿಡಿದು ನಿಲ್ಲುವುದು.

“ಅದರಲ್ಲಿ ಹತ್ತು ಗ್ರಾಂ ಹುಳಿ ಇಲ್ಲ” ಎಂದ ಯಾನಿಕ್. “ಆರು ಪಾಯಿಂಟ್ ಎಂಟು ಇದೆ. ನಾನು ಅಳೆದಿದೀನಿ.”

“ಯಾವುದರಲ್ಲಿ? ಟಯರ್ ಗೇಜಲ್ಲಾ?”

ಈ ಸಲ ರೋಸೇರ್ ಎರಡೂ ತೊಡೆ ತಟ್ಟಿಕೊಂಡ.

ಯಾನಿಕ್ ಅಳೆದಿದ್ದ. ಒಂದು ಸಲವಲ್ಲ, ಹದಿನೇಳು ಸಲ. ಅಕ್ಟೋಬರಿನಲ್ಲಿ ಸಂಘದ ಬಾಟಲಿನಿಂದ ತನ್ನ ದ್ರಾಕ್ಷಿರಸ ಅಳೆದಾಗ ಬಂದ ಸಂಖ್ಯೆಗೂ ನಾಲಿಗೆಗೂ ಹೊಂದಿಕೆಯಾಗಿರಲಿಲ್ಲ. ಸಂಖ್ಯೆ ‘ಬಾಯಿ ಸುಟ್ಟುಹೋಗುತ್ತೆ’ ಎನ್ನುತ್ತಿತ್ತು, ನಾಲಿಗೆ ‘ಚೆನ್ನಾಗಿದೆ’ ಎನ್ನುತ್ತಿತ್ತು. ಶೆರ್‌ಬ್ರೂಕ್ ಪೇಟೆಗೆ ಹೋಗಿ ಅಂಗೈಯಗಲದ ಹೊಸ ಸೋಡಾ ಬಾಟಲೊಂದನ್ನು ಕೊಂಡು ತಂದು, ಟಯರ್ ಅಂಗಡಿಯ ಕೈತೊಳೆಯುವ ತೊಟ್ಟಿಯ ಮೇಲೆ ಅಳೆದ. ಸಂಘದ ಸಂಖ್ಯೆಯ ಮೂರರಲ್ಲಿ ಎರಡು ಪಾಲಷ್ಟೇ ಬಂತು. ತನ್ನದೇ ತಪ್ಪು ಎಂದುಕೊಂಡ. ಶಾಲೆ ಬಿಟ್ಟವನಿಗೆ ಮೊದಲು ಹೊಳೆಯುವುದು ಅದೇ. ಮೂರು ವಾರ ಮತ್ತೆ ಮತ್ತೆ ಅಳೆದ. ಕೊನೆಗೆ ಒಂದು ಮಧ್ಯಾಹ್ನ, ಲಾರಿಯ ಟಯರೊಂದನ್ನು ರಿಮ್ಮಿನಿಂದ ಬಿಡಿಸುತ್ತಿದ್ದಾಗ, ಅವನಿಗೆ ಒಂದು ಪ್ರಶ್ನೆ ಬಂತು: ಗೊತ್ತಿಲ್ಲದ್ದನ್ನು ಅಳೆದರೆ ತಪ್ಪು ಯಾರದು ಅಂತ ತಿಳಿಯೋದು ಹೇಗೆ? ಗೊತ್ತಿರೋದನ್ನೇ ಅಳೆದರೆ?

ಗೊತ್ತಿರುವುದನ್ನು ಅಳೆದ. ತಪ್ಪು ತನ್ನದಲ್ಲ ಎಂದು ತಿಳಿಯಿತು.

ನವೆಂಬರಿನಲ್ಲಿ ಅವನು ಇದನ್ನು ಲಾಫ್ಲಾಮ್‌ಗೆ ಒಬ್ಬನಿಗೇ, ಮರ್ಯಾದೆಯಿಂದ, ಟೋಪಿ ತೆಗೆದು ಹೇಳಿದ್ದ. ಹಳೇ ಸೋಡಾ ನೀರು ಗಾಳಿ ಕುಡಿದು ಸತ್ವ ಕಳೆದುಕೊಳ್ಳುತ್ತೆ, ಸತ್ವ ಇಲ್ಲದ್ದು ಹೆಚ್ಚು ಹೆಚ್ಚು ಇಳೀಬೇಕಾಗುತ್ತೆ, ಅದಕ್ಕೇ ಎಲ್ಲರ ವೈನೂ ಇರೋದಕ್ಕಿಂತ ಹುಳಿ ಅಂತ ತೋರಿಸ್ತಿದೆ, ಎಂದಿದ್ದ. ಲಾಫ್ಲಾಮ್ ಬಾಗಿಲಿಗೆ ಬೀಗ ಹಾಕುತ್ತ ಕೇಳಿಸಿಕೊಂಡು, “ನಿಮ್ಮಮ್ಮ ಹುಟ್ಟೋ ಮುಂಚೆಯಿಂದ ನಾನು ದ್ರಾವಣ ಮಾಡ್ತಿದೀನಿ ಮರಿ” ಎಂದು, ಕೀಲಿಯನ್ನು ಜೇಬಿಗಿಳಿಸಿ ಹೊರಟಿದ್ದ.

ಈಗ ಯಾನಿಕ್ ಹೂಜಿಯನ್ನು ಮೇಜಿನ ಮೇಲಿಟ್ಟ.

“ಒಂದು ಕೆಲಸ ಮಾಡಿ” ಎಂದ. “ವೈನು ಬೇಡ. ನೀರು ಅಳೆಯಿರಿ.”

“ನೀರಾ?”

“ನಿಮ್ಮದೇ ತಕ್ಕಡಿ, ನಿಮ್ಮದೇ ಕೈ. ನಾನು ಮುಟ್ಟೋದೂ ಇಲ್ಲ. ದ್ರಾಕ್ಷಿಹುಳಿ ಪುಡಿ ಮೂರು ಗ್ರಾಂ ತೂಗಿ ಅರ್ಧ ಲೀಟರ್ ನೀರಿಗೆ ಹಾಕಿ. ಲೀಟರಿಗೆ ಎಷ್ಟಾಯ್ತು?”

“ಆರು” ಎಂದಳು ಜರ್ಮೇನ್ ಹಿಂದಿನಿಂದ.

“ಆರು. ಅದನ್ನ ಅಳೆದ್ರೆ ಸೋಡಾ ಎಂಟು ಮಿಲಿ ಇಳೀಬೇಕು. ಎಂಟು ಇಳಿದ್ರೆ ನಂದೇ ತಪ್ಪು. ನಾನೇ ಎಂಟೂ ಜಾಡಿಗೆ ಸುಣ್ಣ ಸುರೀತೀನಿ, ನಿಮ್ಮ ಕಣ್ಣೆದುರಿಗೆ.”

“ಇದು ಸಂಘ, ಸರ್ಕಸ್ಸಲ್ಲ” ಎಂದ ಲಾಫ್ಲಾಮ್. “ಇನ್ನೂ ಒಂಬತ್ತು ಜನರ ವೈನು ಬಾಕಿ ಇದೆ.”

“ಮಾಡು ಒಮೇರ್” ಎಂದಳು ಜರ್ಮೇನ್. “ಕ್ರೆತೋನ್ ಏನು ಎದ್ದು ಓಡಿಹೋಗಲ್ಲ.”

ಲಾಫ್ಲಾಮ್ ಸುತ್ತ ನೋಡಿದ. ಎಲ್ಲರ ಮುಖದಲ್ಲೂ ಪುಕ್ಕಟೆ ತಮಾಷೆ ನೋಡುವ ಆಸೆ. ಹುಡುಗ ಬೀಳುವುದನ್ನು ಇನ್ನೊಂದು ಸಲ ನೋಡಬಹುದಲ್ಲ ಎಂಬ ಆಸೆ. ಅವನು ನಿಟ್ಟುಸಿರು ಬಿಟ್ಟು ಹಿತ್ತಾಳೆ ತಕ್ಕಡಿಯನ್ನು ಎಳೆದುಕೊಂಡ.

ತೂಗುವ ಕೈ ಮಾತ್ರ ಅದ್ಭುತದ್ದು, ಯಾನಿಕ್ ಅದನ್ನು ಒಪ್ಪಲೇಬೇಕಾಯಿತು. ಚಮಚದ ತುದಿಯನ್ನು ಬೆರಳಿನಿಂದ ತಟ್ಟಿ ತಟ್ಟಿ ಪುಡಿಯನ್ನು ಕಣ ಕಣವಾಗಿ ಉದುರಿಸಿ ಮುಳ್ಳನ್ನು ನಡುವಿಗೆ ನಿಲ್ಲಿಸಿದ. ಅರ್ಧ ಲೀಟರು ನೀರು, ಗಾಜಿನ ಕಡ್ಡಿ, ಕಲಕು. ಹತ್ತು ಮಿಲಿ ತೆಗೆದ. ಬಣ್ಣದ ಎರಡು ಹನಿ. ಬ್ಯೂರೆಟ್ಟನ್ನು ಸೊನ್ನೆಗೆ ತುಂಬಿದ. ನೀರಾದ್ದರಿಂದ ಬೂದುಬಣ್ಣದ ಗೊಂದಲವಿರಲಿಲ್ಲ. ಬಟ್ಟಲು ತಿಳಿಯಾಗಿ ಬೆಳ್ಳಗೆ ಕಾಣುತ್ತಿತ್ತು. ಮುಂದಿನ ಸಾಲಿನವರು ಕುರ್ಚಿ ಎಳೆದುಕೊಂಡು ಬಂದರು.

“ಐದು” ಎಂದು ರೋಸೇರ್ ಗಟ್ಟಿಯಾಗಿ ಓದತೊಡಗಿದ. “ಆರು. ಏಳು. ಏಳೂವರೆ. ಈಗ ನೋಡಿ. ಎಂಟು.”

ನೀರು ತಿಳಿಯಾಗಿಯೇ ಇತ್ತು.

“ಎಂಟೂವರೆ” ಎಂದ ರೋಸೇರ್, ಸ್ವಲ್ಪ ಮೆತ್ತಗೆ. “ಒಂಬತ್ತು.” ಆಮೇಲೆ ಓದುವುದನ್ನು ನಿಲ್ಲಿಸಿದ. ಯಾರೂ ಅವನಿಗೆ ಓದೆಂದು ಹೇಳಲಿಲ್ಲ. ತೊಟ್ಟುಗಳು ಬೀಳುತ್ತಲೇ ಇದ್ದವು. ಹನ್ನೆರಡರ ಗೆರೆಯಲ್ಲಿ ಬಟ್ಟಲು ಗುಲಾಬಿಯಾಗಿ ನಿಂತಿತು.

“ಮುಕ್ಕಾಲು ಪಾಲು ಹಾಕಿ” ಎಂದ ಯಾನಿಕ್. “ಒಂಬತ್ತು. ಆರು ಗ್ರಾಂ ಹುಳೀನ ನಿಮ್ಮ ಬಾಟಲು ಒಂಬತ್ತು ಅಂತಿದೆ.”

“ಪುಡಿ ಹಳೇದಿರಬಹುದು” ಎಂದ ಲಾಫ್ಲಾಮ್.

“ಪುಡಿ ಹಳೇದಾದ್ರೆ ಹುಳಿ ಕಮ್ಮಿ ಆಗಬೇಕು, ಜಾಸ್ತಿ ಆಗೋದಲ್ಲ.”

ಯಾನಿಕ್ ಜಾಕೆಟ್ಟಿನ ಒಳಜೇಬಿನಿಂದ ಅಂಥದ್ದೇ ಇನ್ನೊಂದು ಪುಟ್ಟ ಸೋಡಾ ಬಾಟಲನ್ನು ತೆಗೆದು ಮೇಜಿನ ಮೇಲಿಟ್ಟ. ಸೀಲು ಒಡೆದಿರಲಿಲ್ಲ. ಲಾಫ್ಲಾಮ್ ಅದನ್ನು ಮುಟ್ಟಲಿಲ್ಲ. ಜರ್ಮೇನ್ ಎದ್ದು ಬಂದು, ಬಸ್ಸಿನ ಸ್ಟೀರಿಂಗು ಹಿಡಿಯುವ ಗಟ್ಟಿ ಕೈಯಿಂದ ಸೀಲು ಮುರಿದು, ಬ್ಯೂರೆಟ್ಟನ್ನು ತೊಳೆದು ತುಂಬಿ, ಅದೇ ಹುಳಿನೀರಿನ ಬೇರೆ ಹತ್ತು ಮಿಲಿಗೆ ತಾನೇ ಇಳಿಸಿದಳು. ಎಂಟಕ್ಕೆ ಸರಿಯಾಗಿ ನೀರು ಗುಲಾಬಿಯಾಯಿತು.

ಹೊರಗೆ ಚಾವಣಿಯ ಹಿಮ ಕರಗಿ ಕಿಟಕಿಯ ಕೆಳಗಿನ ತಗಡಿಗೆ ತಟತಟ ಬೀಳುವುದು ಕೇಳುತ್ತಿತ್ತು.

“ಹಂಗಾದ್ರೆ ನಮ್ಮ ಆರೂವರೆ?” ಎಂದು ಯಾರೋ ಕೇಳಿದರು.

“ನಾಲ್ಕೂಕಾಲು” ಎಂದ ಯಾನಿಕ್. “ಚಿಲ್ಲರೆ ಇದ್ರೆ ನಿಮ್ಮ ಪುಣ್ಯ. ಹತ್ತು ವರ್ಷದಿಂದ ಸರಿಯಾಗಿರೋ ವೈನಿಗೆ ಸುಣ್ಣ ಹಾಕಿ ಸಾಯಿಸ್ತಿದೀರಿ. ನಿಮ್ಮ ವೈನು ಈಸ್ಟರ್ ದಾಟಲ್ಲ, ಅಲ್ವಾ? ಯಾಕೆ ದಾಟಲ್ಲ ಅಂತ ಒಬ್ರಾದ್ರೂ ಕೇಳಿದೀರಾ?”

ಈ ಮಾತು ತಾಗಿತು. ಯಾಕೆಂದರೆ ಈಸ್ಟರ್ ದಾಟದ ವೈನು ಸೇಂತ್-ಅಲ್ಬೆರ್ತಿನ್‌ನ ಹೆಮ್ಮೆಯಾಗಿತ್ತು. ಹುಳಿಯಿಲ್ಲದ ವೈನು ವಸಂತಕ್ಕೆ ಕಂದಾಗುತ್ತದೆ, ಒದ್ದೆ ರಟ್ಟಿನ ವಾಸನೆ ಹೊಡೆಯುತ್ತದೆ. ಇಲ್ಲಿಯ ಜನ ಅದನ್ನೇ ಒಂದು ಸಂಪ್ರದಾಯ ಮಾಡಿಕೊಂಡಿದ್ದರು. ‘ನಮ್ಮದು ಎಳೇ ವೈನು, ಈಸ್ಟರ್ ಭಾನುವಾರ ಕೊನೇ ಲೋಟ’ ಎಂದು ಪಕ್ಕದ ಊರಿನವರ ಮುಂದೆ ಎದೆ ಉಬ್ಬಿಸುತ್ತಿದ್ದರು. ಎರಡು ವರ್ಷದ ಹಿಂದೆ ಸಂಘದ ಬಾಗಿಲಿಗೆ ಈ ಮಾತನ್ನೇ ಕೆತ್ತಿದ ಮರದ ಹಲಗೆ ಹಾಕಿಸಿದ್ದರು. ಅದರ ಉದ್ಘಾಟನೆಗೆ ಬಂದ ಪಾದ್ರಿಯೂ ನಾಲ್ಕೂಕಾಲರ ಆ ಕೊಚ್ಚೆಯನ್ನು ಕುಡಿದು, ಮಗುವಿನ ಕೆನ್ನೆಯಂತೆ ಮೃದು ಎಂದಿದ್ದ. ಒಂದು ಕೆಟ್ಟ ಬಾಟಲು ಒಂದು ಊರಿಗೆ ಹಬ್ಬ ಕೊಟ್ಟಿತ್ತು, ಘೋಷಣೆ ಕೊಟ್ಟಿತ್ತು, ನಾಲಿಗೆಯನ್ನೂ ಕೊಟ್ಟಿತ್ತು. ಅದನ್ನೆಲ್ಲ ಈಗ ಒಬ್ಬ ಟಯರ್ ಹುಡುಗ ಹನ್ನೆರಡು ಮಿಲಿಯಲ್ಲಿ ಕಿತ್ತುಕೊಳ್ಳುತ್ತಿದ್ದ.

ಲಾಫ್ಲಾಮ್ ಕುರ್ಚಿಯಲ್ಲಿ ಕೂತ. ಕೈವಸ್ತ್ರವನ್ನು ನಾಲ್ಕಾಗಿ ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿದ. ಮುಗಿಯಿತು ಎಂದುಕೊಂಡ ಯಾನಿಕ್. ಈಗ ಎದ್ದು, ‘ತಪ್ಪಾಯ್ತು, ಬಾಟಲು ಚೆಲ್ಲೋಣ’ ಎನ್ನುತ್ತಾನೆ. ಅಷ್ಟು ಅಂದರೆ ಸಾಕಿತ್ತು. ಕ್ಷಮೆ ಬೇಕಾಗಿರಲಿಲ್ಲ, ಹೊಗಳಿಕೆಯೂ ಬೇಕಾಗಿರಲಿಲ್ಲ. ಎಂಟು ಜಾಡಿ ಇದ್ದಲ್ಲೇ ಇರಲಿ, ಬರುವ ಚಳಿಗಾಲದವರೆಗೂ ಮುಟ್ಟದೆ ಮಾಗಲಿ, ಅಷ್ಟೇ.

ಲಾಫ್ಲಾಮ್ ಎದ್ದ.

“ಗೆಳೆಯರೇ” ಎಂದ, ಔಷಧದಂಗಡಿಯ ಹಳೆಯ ದನಿಯಲ್ಲಿ. ಆ ದನಿಯಲ್ಲಿ ಅವನು ನಲವತ್ತು ವರ್ಷ ಊರಿನ ಮೂಲವ್ಯಾಧಿಗಳಿಗೆಲ್ಲ ಸಮಾಧಾನ ಹೇಳಿದ್ದ. “ಬಾಟಲಿನ ಬಗ್ಗೆ ನನಗೂ ಒಂದು ಅನುಮಾನ ಇತ್ತು. ಸರಿ. ಆದ್ರೆ ಒಂದು ಮಾತು ಕೇಳ್ತೀನಿ. ನಾವು ಹತ್ತು ವರ್ಷದಿಂದ ಕುಡೀತಿರೋ ವೈನು ನಮಗೆ ಇಷ್ಟಾನಾ, ಇಲ್ವಾ?”

“ಇಷ್ಟಾನೇ” ಎಂದ ರೋಸೇರ್.

“ಅದು ಯಾವ ಅಳತೇಲಿ ಬಂತು? ಈ ಅಳತೇಲಿ. ಪ್ಯಾರಿಸ್ಸಿನಲ್ಲಿ ಆರೂವರೆ ಬೇರೆ ಇರಬಹುದು, ಟಯರ್ ಅಂಗಡೀಲಿ ಬೇರೆ ಇರಬಹುದು. ಸೇಂತ್-ಅಲ್ಬೆರ್ತಿನ್ನಿನ ಆರೂವರೆ ಇದು.” ಅವನು ಕಂದು ಬಾಟಲಿನ ಹೆಗಲ ಮೇಲೆ ಕೈಯಿಟ್ಟ. “ಸಂಘದ ಅಳತೆ ಸಂಘದ ಬಾಟಲಿನದೇ ಆಗಿರಬೇಕು ಅನ್ನೋದು ನನ್ನ ಸೂಚನೆ. ಕೈ ಎತ್ತಿ.”

ಯಾನಿಕ್‌ಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ನಗು ಬಂತು. ಅವರು ಕೈ ಎತ್ತುತ್ತಿದ್ದರು. ಬಟ್ಟಲು ಇನ್ನೂ ಕಣ್ಣೆದುರಿಗೇ ಗುಲಾಬಿಯಾಗಿ ಕೂತಿತ್ತು, ಅದನ್ನು ನೋಡುತ್ತಲೇ ಕೈ ಎತ್ತುತ್ತಿದ್ದರು. ರೋಸೇರ್ ಎಲ್ಲರಿಗಿಂತ ಮೇಲೆ ಎತ್ತಿದ. ಇಪ್ಪತ್ತೊಂದು ಕೈ.

“ವಿರುದ್ಧ?”

ಮೂರು ಕೈ ಎದ್ದವು. ಅದರಲ್ಲಿ ಒಂದು ಕಿವುಡ ಫಿಲಿಯಾಸನದು. ಕಾಫಿ ಯಾರಿಗೆ ಬೇಕು ಎಂದು ಕೇಳಿದರೆಂದು ಅವನು ತಿಳಿದಿದ್ದ. ಜರ್ಮೇನ್‌ಳ ಕೈ ಎರಡೂ ಸಲ ಕಿವಿಯ ಹತ್ತಿರದವರೆಗೆ ಬಂದು, ಅಲ್ಲಿ ಏನೋ ಕೆರೆದುಕೊಂಡು ಕೆಳಗಿಳಿಯಿತು.

“ನಿನ್ನ ವೈನು ಹತ್ತು ಪಾಯಿಂಟ್ ಎರಡು” ಎಂದ ಲಾಫ್ಲಾಮ್. “ಸುಣ್ಣ ತೂಗಲಾ?”

“ಬಾಟಲಿಗೆ ಓಟು ಹಾಕಿದ ಊರನ್ನ ಇವತ್ತೇ ನೋಡಿದ್ದು” ಎಂದ ಯಾನಿಕ್. “ನಾಳೆ ಥರ್ಮಾಮೀಟರಿಗೂ ಹಾಕಿ, ಚಳಿ ಹೋಗುತ್ತೆ.”

ಅವನು ಹೋಗಿ ತಣ್ಣನೆ ಕೋಣೆಯ ಬಾಗಿಲು ತೆರೆದ.

ಜರ್ಮೇನ್ ಅವನ ಹಿಂದೆಯೇ ಬಂದಳು. ಬೆಳಕು ಕಡಿಮೆಯಿದ್ದ ಆ ಕೋಣೆಯಲ್ಲಿ ನೂರಾರು ಜಾಡಿಗಳು ಗೋಡೆಯುದ್ದಕ್ಕೂ ಕೂತಿದ್ದವು. ಯಾನಿಕ್‌ನ ಎಂಟು ಮಾತ್ರ ಗಾಢ ನೇರಳೆ. ಉಳಿದವುಗಳಿಗೆ ಆಗಲೇ ತುಕ್ಕಿನ ಬಣ್ಣ ಏರತೊಡಗಿತ್ತು.

“ಹತ್ತತ್ತು ಗ್ರಾಂ ಹಾಕ್ಬಿಡು ಪುಟ್ಟಾ” ಎಂದಳು ಪಿಸುಮಾತಿನಲ್ಲಿ. “ಹೆಸರಿಗೆ. ಹತ್ತು ಗ್ರಾಮಿಗೆ ವೈನೇನು ಸಾಯಲ್ಲ. ಅವನ ಮುಖ ಉಳಿಯುತ್ತೆ, ನಿನ್ನ ಜಾಡಿ ಉಳಿಯುತ್ತೆ. ನಾನು ಒಮೇರ್‌ಗೆ ಹೇಳ್ತೀನಿ.”

ಯಾನಿಕ್ ಒಂದು ಜಾಡಿಯ ಮುಂದೆ ಬಗ್ಗಿದ. ಹತ್ತು ಗ್ರಾಂ ಅಂದರೆ ನಿಜಕ್ಕೂ ಏನಿಲ್ಲ. ಆರು ಪಾಯಿಂಟ್ ಎಂಟು ಆರಕ್ಕೆ ಇಳಿದೀತು, ಅಷ್ಟೇ. ಕುಡಿದವನಿಗೆ ಗೊತ್ತೂ ಆಗುವುದಿಲ್ಲ. ಈ ಜಾಡಿಗಳನ್ನು ಆಚೆ ಒಯ್ದರೆ ಎಲ್ಲಿಡುವುದು? ಬಾಯ್ಲರಿನ ಮೇಲೆ? ಮೂರು ಚಳಿಗಾಲದ ಕೆಲಸ ಏಪ್ರಿಲ್ ಹೊತ್ತಿಗೆ ಉಪ್ಪಿನಕಾಯಿ ನೀರಾಗುತ್ತದೆ. ಅವನು ಜಾಡಿಯ ಕತ್ತು ಹಿಡಿದು ಯೋಚಿಸಿದ. ಆಮೇಲೆ ಆ ಹತ್ತು ಗ್ರಾಮನ್ನು ತೂಗುವ ಕೈ ನೆನಪಾಯಿತು, ತೂಗುವಾಗ ಮೀಸೆಯ ಕೆಳಗೆ ಮೂಡುವ ನಗು ನೆನಪಾಯಿತು.

“ನೀವು ಕೈ ಎತ್ತಿದ್ರಾ, ಇಲ್ವಾ ಮಾದಾಮ್ ಜರ್ಮೇನ್?” ಎಂದ.

ಅವಳು ಜೇಬಿನಿಂದ ಕೀಲಿಗೊಂಚಲು ತೆಗೆದು ಒಂದು ಕೀಲಿಯನ್ನು ಕಷ್ಟಪಟ್ಟು ಬಿಡಿಸಿದಳು. “ಜೇನಿನ ಶೆಡ್ಡು. ಹತ್ತು ಡಿಗ್ರಿ ಮೇಲೆ ಹೋಗಲ್ಲ, ಮೇ ಕೊನೆವರೆಗೂ. ಆಮೇಲೆ ನೋಡೋಣ. ನಾನು ಈ ಊರಿನ ಎಲ್ಲ ಮನೆಯ ಮಕ್ಕಳನ್ನೂ ಬಸ್ಸಲ್ಲಿ ಕರ್ಕೊಂಡು ಹೋಗ್ಬೇಕು ಕಣಪ್ಪಾ. ಕೈ ಎತ್ತೋದು ನಿನಗೆ ಸುಲಭ.”

ಯಾನಿಕ್ ಕೀಲಿಯನ್ನು ತೆಗೆದುಕೊಂಡ. ಧನ್ಯವಾದ ಹೇಳಲಿಲ್ಲ. ವೈನಿಗಾಗಿ ತೆಗೆದುಕೊಂಡದ್ದೇ ಹೊರತು ಅವಳಿಗಾಗಿ ಅಲ್ಲ. ಅದು ಅವಳಿಗೂ ತಿಳಿದಿತ್ತು.

ಒಂದೊಂದೇ ಜಾಡಿಯನ್ನು ಎದೆಗವಚಿಕೊಂಡು ಹೊತ್ತ. ಹದಿನಾಲ್ಕು ಮೆಟ್ಟಿಲು, ಆಮೇಲೆ ಕೆಸರು ಹಿಮದ ಅಂಗಳ, ಆಚೆ ತುದಿಯಲ್ಲಿ ಪಿಕಪ್ಪು. ಜಾಡಿಗಳ ನಡುವೆ ಹಳೇ ಕಂಬಳಿ ಸಿಕ್ಕಿಸಿದ. ನಾಲ್ಕನೆಯದನ್ನು ತರಲು ಇಳಿದಾಗ ರೋಸೇರ್ ಮೆಟ್ಟಿಲ ತಿರುವಿನಲ್ಲಿ ಬ್ರೆಡ್ಡು ಹಿಡಿದು ಕಾಯುತ್ತಿದ್ದ.

“ಯಾನಿಕ್, ಒಂದು ನಿಮಿಷ ಮಾರಾಯ” ಎಂದ ಕೆಳದನಿಯಲ್ಲಿ. “ಆ ಹುಳಿಪುಡೀನ ವಾಪಸ್ ಜಾಡಿಗೆ ಹಾಕಿದ್ರೆ ವೈನು ಸರಿಹೋಗುತ್ತಾ? ನನಗಲ್ಲ. ನಮ್ಮ ಭಾವ ಒಬ್ಬ ಇದಾನೆ.”

“ನಿಮ್ಮ ಭಾವನ ವೈನು ಎಷ್ಟಿದೆ?”

“ಆರೂವರೆ. ಅಂದ್ರೆ, ಸಂಘದ ಆರೂವರೆ.”

“ಆರೂವರೆ ಅಂದ್ಮೇಲೆ ಸರಿಯಾಗೇ ಇದೆಯಲ್ಲ. ಈಗ ತಾನೇ ಎಲ್ಲರಿಗಿಂತ ಮೇಲೆ ಕೈ ಎತ್ತಿದ್ರಿ. ಬಗಲು ನೋವಾಯ್ತೇನೋ ಅಂದ್ಕೊಂಡೆ.”

“ಲೇ, ಅದು ಬೇರೆ. ಸಂಘ ಅಂದ್ಮೇಲೆ ಎತ್ತಬೇಕಾಗುತ್ತೆ. ವೈನು ಮನೇದು.”

“ಹೌದು, ವೈನು ಮನೇದು” ಎಂದು ಯಾನಿಕ್ ಅವನನ್ನು ಭುಜದಿಂದ ಸರಿಸಿಕೊಂಡು ಇಳಿದ.

ಐದು, ಆರು, ಏಳು. ಒಳಗೆ ಕಾರ್ಯಕ್ರಮ ಮುಂದುವರಿದಿತ್ತು. ಲಾಫ್ಲಾಮ್‌ನ ದನಿ ‘ಆರೂವರೆ’ ಎಂದು ಘೋಷಿಸುವುದೂ ಚಪ್ಪಾಳೆಯೂ ಕೇಳಿಬರುತ್ತಿತ್ತು. ಪ್ರತಿ ಸಲ ಯಾನಿಕ್ ಕೋಣೆಯ ನಡುವೆ ಹಾದುಹೋದಾಗಲೂ ಜನ ತಮ್ಮ ಲೋಟಗಳೊಳಗೆ ನೋಡುತ್ತಿದ್ದರು. ಕೆಲವರು ಮೂಸಿದರು. ಹಿಂದಿನ ಶನಿವಾರಗಳಲ್ಲಿ ಯಾರೂ ಮೂಸುತ್ತಿರಲಿಲ್ಲ; ಸೀದಾ ಕುಡಿಯುತ್ತಿದ್ದರು. ಒಬ್ಬ ಹೆಂಗಸು ತನ್ನ ಲೋಟವನ್ನು ಸದ್ದಿಲ್ಲದೆ ಬಕೆಟ್ಟಿಗೆ ಬಗ್ಗಿಸಿ, ಯಾರಾದರೂ ನೋಡಿದರೇ ಎಂದು ನೋಡಿದಳು. ಯಾನಿಕ್ ನೋಡಿದ. ಅವಳು ಮುಖ ತಿರುಗಿಸಿದಳು. ಅವಳ ಕೈಯೂ ಇಪ್ಪತ್ತೊಂದರಲ್ಲಿ ಒಂದು.

ಎಂಟನೆಯ ಜಾಡಿಯನ್ನು ಹೊತ್ತು ಅಂಗಳಕ್ಕೆ ಬಂದಾಗ ಹಿಂದೆ ಬಾಗಿಲು ತೆರೆದ ಸದ್ದಾಯಿತು. ಲಾಫ್ಲಾಮ್ ಬಂದಿದ್ದ. ಕೋಟಿಲ್ಲ, ಟೋಪಿಯಿಲ್ಲ. ಮೆರುಗು ಹಚ್ಚಿದ ಕರಿ ಬೂಟು ಕೆಸರು ಹಿಮದಲ್ಲಿ ಮೊದಲ ಹೆಜ್ಜೆಗೇ ಮುಳುಗಿತು. ಅವನು ಬಾಗಿಲನ್ನು ಹಿಂದಿನಿಂದ ಜಾಗ್ರತೆಯಾಗಿ ಮುಚ್ಚಿದ, ಒಳಗಿನವರಿಗೆ ಕೇಳಬಾರದೆಂದು. ಆಮೇಲೆ ಬೇಗ ಬೇಗ ಹೆಜ್ಜೆ ಹಾಕಿ ಯಾನಿಕ್‌ನ ಪಕ್ಕಕ್ಕೆ ಬಂದ. ಜಾಡಿ ಹೊತ್ತವನು ನಿಲ್ಲಲಿಲ್ಲ. ಹಾಗಾಗಿ ಮುದುಕ ಪಕ್ಕದಲ್ಲಿ ಅಡ್ಡಡ್ಡ ನಡೆಯಬೇಕಾಯಿತು.

“ಒಂದು ಮಾತು” ಎಂದ. “ಒಳಗಿನದು ಒಳಗೆ ಆಯ್ತು. ಅದು ಬೇರೆ ವಿಷಯ. ಸಂಘ ಒಡೀಬಾರದು ನೋಡಿ, ಅದಕ್ಕೆ.”

ಆರು ತಿಂಗಳಲ್ಲಿ ಅವನು ಯಾನಿಕ್‌ಗೆ ಬಹುವಚನ ಹಚ್ಚಿದ್ದು ಅದೇ ಮೊದಲು.

“ನನ್ನ ಹದಿನಾಲ್ಕು ಜಾಡಿ ಇದ್ದಾವೆ. ಹೋದ ವಾರದಿಂದ ಬಣ್ಣ ತಿರುಗ್ತಾ ಇದೆ. ಪ್ರತಿ ವರ್ಷ ತಿರುಗುತ್ತೆ, ಸಹಜ ಅಂದ್ಕೊಂಡಿದ್ದೆ.” ಅವನಿಗೆ ಉಸಿರು ಹತ್ತುತ್ತಿತ್ತು. “ಜಾಡಿಗೆ ಎಷ್ಟು ಗ್ರಾಂ ಹುಳಿಪುಡಿ ಹಾಕಿದ್ರೆ ನಿಲ್ಲುತ್ತೆ? ಒಂದು ಅಂದಾಜು ಹೇಳಿ ಸಾಕು. ಯಾರಿಗೂ ಗೊತ್ತಾಗಲ್ಲ.”

ಉತ್ತರ ಯಾನಿಕ್‌ನ ಬಾಯಲ್ಲೇ ಇತ್ತು. ಅಂದಾಜಿನಿಂದ ಆಗುವ ಕೆಲಸವಲ್ಲ ಅದು. ಸುಣ್ಣ ತಿಂದ ವೈನಿಗೆ ಹುಳಿ ವಾಪಸ್ ಹಾಕಿದರೆ ಅರ್ಧ ತಳಕ್ಕೆ ಕೂರುತ್ತದೆ. ಒಂದೊಂದು ಜಾಡಿಯನ್ನೂ ಹೊಸ ಸೋಡಾದಲ್ಲಿ ಅಳೆದು, ಒಂದು ಲೋಟದಲ್ಲಿ ಮೊದಲು ಹಾಕಿ ನೋಡಿ, ಆಮೇಲೆ ಜಾಡಿಗೆ ಹಾಕಬೇಕು. ಒಂದು ಭಾನುವಾರದ ಕೆಲಸ. ಹೇಳಲು ಅರ್ಧ ನಿಮಿಷ ಸಾಕು. ಇದನ್ನೇ ನವೆಂಬರಿನಲ್ಲಿ ಕೇಳಿದ್ದರೆ ಅವನೇ ಬಂದು ಎಲ್ಲರ ಜಾಡಿಯನ್ನೂ ಅಳೆದು ಕೊಡುತ್ತಿದ್ದ, ಟೋಪಿ ಕೈಯಲ್ಲಿ ಹಿಡಿದುಕೊಂಡು, ಸಂತೋಷದಿಂದ.

“ಹೇಳಿ” ಎಂದ ಲಾಫ್ಲಾಮ್. “ಇಪ್ಪತ್ತು ಗ್ರಾಂ? ಮೂವತ್ತು?”

ಯಾನಿಕ್ ಜಾಡಿಯನ್ನು ಎದೆಗೆ ಇನ್ನಷ್ಟು ಒತ್ತಿ ಹಿಡಿದು, ಕೆಸರಿನಲ್ಲಿ ಕಾಲು ಜಾರದಂತೆ ನೋಡಿಕೊಳ್ಳುತ್ತ, ಪಿಕಪ್ಪಿನ ಕಡೆ ನಡೆದುಹೋದ.